ಹೆಸರನ್ನಲ್ಲ, ಮನೆಯನ್ನು ಹಿಡಿಯಿರಿ: ಇಂಗ್ಲೆಂಡಿನ ಕಾರ್ಮಿಕ ಕುಟುಂಬದ ಬೇರು ಹುಡುಕುವ ಸಮಗ್ರ ಮಾರ್ಗದರ್ಶಿ

ತಿದ್ದಿಕೊಡಿ ಎಂದು ನನ್ನ ಬಳಿ ಬರುವ ವಂಶವೃಕ್ಷಗಳು ಹೆಚ್ಚುಕಡಿಮೆ ಒಂದೇ ಕಡೆ ಮುರಿದಿರುತ್ತವೆ. ಮೊಮ್ಮಗಳು ಸರಿ, ಅಜ್ಜಿ ಸರಿ, ಅಜ್ಜಿಯ ಅಜ್ಜನೂ ಸರಿ. ಅಲ್ಲಿಂದ ಒಂದು ಮೆಟ್ಟಿಲು ಹಿಂದಕ್ಕೆ ಇಳಿದಾಗ ಬೇರೆ ಯಾರದೋ ಮನೆಯ ಜಾನ್ ಬಂದು ಕುಳಿತಿರುತ್ತಾನೆ. ಅವನ ಬೆನ್ನಿಗೆ ಅವನ ಅಪ್ಪ, ಆ ಅಪ್ಪನ ಅಪ್ಪ, ಹೀಗೆ 1600ರವರೆಗೆ ಸಾಲು. ಎಲ್ಲರೂ ಬದುಕಿ ಬಾಳಿದ ಮನುಷ್ಯರೇ, ಆದರೆ ನಿಮ್ಮವರಲ್ಲ.

ಕೇಳಿಕೊಂಡು ಬರುವವರು ಮುಖ್ಯವಾಗಿ ಎರಡು ಬಗೆ. ಇಂಗ್ಲೆಂಡಿನಲ್ಲಿ ನೆಲೆಸಿ ಅಲ್ಲಿನವರನ್ನೇ ಮದುವೆಯಾಗಿ, ಮಕ್ಕಳಿಗೆ ಎರಡೂ ಕಡೆಯ ವಂಶ ಬರೆದಿಡಬೇಕು ಎನ್ನುವ ಕನ್ನಡಿಗರು ಒಂದು ಕಡೆ. ಬೆಂಗಳೂರಿನ ದಂಡು ಪ್ರದೇಶ ಅಥವಾ ಕೆ.ಜಿ.ಎಫ್. ಮೂಲದ ಮನೆತನದವರು, ಮುತ್ತಾತ ಯಾವ ಊರಿನಿಂದ ಹಡಗು ಹತ್ತಿದ ಎಂದು ತಿಳಿಯಬೇಕಾದವರು ಇನ್ನೊಂದು ಕಡೆ. ಇಬ್ಬರಿಗೂ ದಾರಿ ಒಂದೇ. ದೊಡ್ಡ ಜಮೀನ್ದಾರರ ವಂಶಾವಳಿ ಅಚ್ಚಾದ ಪುಸ್ತಕಗಳಲ್ಲಿ ಸಿಗುತ್ತದೆ. ನೇಕಾರ, ಗಣಿ ಕೆಲಸಗಾರ, ಹೊಲದ ಕೂಲಿ, ಮನೆಗೆಲಸದ ಹುಡುಗಿ ಸಿಗುವುದು ಜನಗಣತಿಯ ಹಾಳೆಯಲ್ಲಿ, ಚರ್ಚಿನ ರಿಜಿಸ್ಟರಿನಲ್ಲಿ, ಬಡವರ ಪರಿಹಾರದ ಲೆಕ್ಕದಲ್ಲಿ.

ಇಲ್ಲಿ ಹೇಳಿರುವುದು ಇಂಗ್ಲೆಂಡಿಗೆ. ವೇಲ್ಸ್‌ಗೂ ಬಹುಪಾಲು ಹೊಂದುತ್ತದೆ. ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ದಾಖಲೆ ವ್ಯವಸ್ಥೆಯೇ ಬೇರೆ. ಹಂತಗಳ ಕ್ರಮವನ್ನು ಮಾತ್ರ ಬದಲಿಸಬೇಡಿ. ಎಡವಟ್ಟಾಗುವುದು ಹಂತ ಹಾರಿದಾಗಲೇ.

## ಮೊದಲು ಕೈಯಲ್ಲಿರಬೇಕಾದದ್ದು

ಒಂದು ಸ್ಪ್ರೆಡ್‌ಶೀಟ್ ಅಥವಾ ದಪ್ಪ ನೋಟ್‌ಬುಕ್. ಫ್ಯಾಮಿಲಿಸರ್ಚ್ ಜಾಲತಾಣದ ಉಚಿತ ಖಾತೆ. ಇಂಗ್ಲೆಂಡಿನ ಜನನ, ಮರಣ, ಮದುವೆ ನೋಂದಣಿಯ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸ್, ಅಂದರೆ ಜಿಆರ್‌ಒ ತಾಣದ ಖಾತೆ. ಅಲ್ಲಿ ಸೂಚಿ ನೋಡಲು ಹಣ ಕೊಡಬೇಕಿಲ್ಲ, ಪ್ರಮಾಣಪತ್ರಕ್ಕಷ್ಟೇ ಶುಲ್ಕ. ಮದುವೆಗಳ ಸೂಚಿಗೆ ಫ್ರೀಬಿಎಂಡಿ ಎಂಬ ಉಚಿತ ತಾಣ. ಹುಡುಕುವ ಜಿಲ್ಲೆಯ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಗಡಿಗಳ ನಕ್ಷೆ.

ಹಣ ಕೊಟ್ಟು ದಾಖಲೆ ನೋಡುವ ತಾಣಗಳಾದ ಆನ್ಸೆಸ್ಟ್ರಿ ಅಥವಾ ಫೈಂಡ್‌ಮೈಪಾಸ್ಟ್‌ನ ಚಂದಾ ಬೇಕಾಗುತ್ತದೆ, ಆದರೆ ಇವತ್ತೇ ಬೇಡ. ನೋಡಲೇಬೇಕಾದ ಪುಟಗಳ ಪಟ್ಟಿ ಇಪ್ಪತ್ತು ದಾಟಿದ ಮೇಲೆ ಒಂದು ತಿಂಗಳಿಗೆ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿರುವವರು ಮೊದಲು ತಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಿ. ಎಷ್ಟೋ ಕಡೆ ಅಲ್ಲಿನ ಕಂಪ್ಯೂಟರಿನಲ್ಲಿ ಇವನ್ನು ಪುಕ್ಕಟೆ ನೋಡಬಹುದು.

ಹಾಳೆಯಲ್ಲಿ ಈ ಕಾಲಂಗಳನ್ನು ಎಳೆದುಕೊಳ್ಳಿ: ದಾಖಲೆಯ ದಿನಾಂಕ, ಬರೆದಿರುವಂತೆಯೇ ಹೆಸರು, ವಯಸ್ಸು, ಲೆಕ್ಕ ಹಾಕಿದ ಹುಟ್ಟಿದ ವರ್ಷ, ಹುಟ್ಟಿದ ಊರು, ವಿಳಾಸ, ಕಸುಬು, ದಾಖಲೆ ಸಂಖ್ಯೆ. ‘ಬರೆದಿರುವಂತೆಯೇ’ ಎಂಬುದನ್ನು ಮರೆಯಬೇಡಿ. ಗುಮಾಸ್ತ ತಪ್ಪು ಬರೆದಿದ್ದರೆ ನೀವೂ ಆ ತಪ್ಪನ್ನೇ ಬರೆದುಕೊಳ್ಳಿ. ತಿದ್ದಿದ ಗಳಿಗೆಯಲ್ಲೇ ಒಂದು ಸುಳಿವು ಕೈತಪ್ಪುತ್ತದೆ.

## ಹಂತ 1: ಗೊತ್ತಿರುವವರಿಂದ ಹಿಂದಕ್ಕೆ

ಮನೆಯ ಪೆಟ್ಟಿಗೆಯಿಂದ ಶುರು ಮಾಡಿ. ಜನನ ಮತ್ತು ಮದುವೆಯ ಪ್ರಮಾಣಪತ್ರ, ಬೈಬಲಿನ ಮೊದಲ ಪುಟ, ಫೋಟೋದ ಹಿಂಬದಿಯ ಬರಹ, ಸೈನ್ಯದ ಪುಸ್ತಕ, ಯಾವುದಾದರೂ ಸರಿ. 1921ಕ್ಕಿಂತ ಮುಂಚೆ ಹುಟ್ಟಿದ ಒಬ್ಬರ ಹೆಸರು, ಊರು, ತಂದೆತಾಯಿ ಖಚಿತವಾಗಬೇಕು. ಅದಾಗದೆ ಜನಗಣತಿಗೆ ಕೈಹಾಕಬೇಡಿ.

ಇಂಗ್ಲೆಂಡಿನ ಗಣತಿ 100 ವರ್ಷ ಮುಚ್ಚಿಟ್ಟಿರುತ್ತದೆ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. 1931ರದ್ದು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಈ ಕಂದಕಕ್ಕೆ ಸೇತುವೆ ಎಂದರೆ 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ರಿಜಿಸ್ಟರ್. ಅದರಲ್ಲಿ ವಯಸ್ಸಿನ ಬದಲು ಹುಟ್ಟಿದ ದಿನಾಂಕವೇ ಇದೆ. ಹೆಣ್ಣುಮಕ್ಕಳ ಹೆಸರಿನ ಮೇಲೆ ಮುಂದೆ ಮದುವೆಯಾದಾಗ ಬಂದ ಹೆಸರನ್ನು ಬೇರೆ ಶಾಯಿಯಲ್ಲಿ ಬರೆದಿರುವುದೂ ಉಂಟು. ‘ಈ ದಾಖಲೆ ಮುಚ್ಚಿದೆ’ ಎಂಬ ಕಪ್ಪು ಪಟ್ಟಿ ಕಂಡರೆ ಗಾಬರಿ ಬೇಡ: ಆ ವ್ಯಕ್ತಿ ಹುಟ್ಟಿ 100 ವರ್ಷ ಆಗಿಲ್ಲ, ತೀರಿಕೊಂಡಿದ್ದೂ ಅಲ್ಲಿ ದಾಖಲಾಗಿಲ್ಲ ಎಂದಷ್ಟೇ ಅರ್ಥ.

1921ರ ಹಾಳೆ ದುಡಿಯುವವರ ಮಟ್ಟಿಗೆ ಬಲು ಉಪಕಾರಿ. ಕೆಲಸ ಕೊಟ್ಟವರ ಹೆಸರು ಅದರಲ್ಲಿದೆ. ಹದಿನೈದರೊಳಗಿನ ಮಕ್ಕಳಿಗೆ ತಾಯಿ ಇದ್ದಾಳೆಯೇ, ತಂದೆ ಇದ್ದಾನೆಯೇ ಎಂಬುದೂ ಇದೆ.

## ಹಂತ 2: 1911ರ ಹಾಳೆಯನ್ನು ನಿಧಾನವಾಗಿ ಓದಿ

1841ರಿಂದ 1901ರವರೆಗೆ ನಾವು ನೋಡುವುದು ಗಣತಿದಾರ ತನ್ನ ಪುಸ್ತಕಕ್ಕೆ ಇಳಿಸಿಕೊಂಡ ನಕಲು. 1911ರಿಂದ ಮನೆಯವರೇ ತುಂಬಿದ ಹಾಳೆ ಉಳಿದಿದೆ. ಕೈಬರಹ ನಿಮ್ಮವರದ್ದೇ ಇರಬಹುದು. ಕೊನೆಯಲ್ಲಿ ಸಹಿ, ವಿಳಾಸ, ಮನೆಯಲ್ಲಿ ಎಷ್ಟು ಕೋಣೆ ಎಂಬ ಲೆಕ್ಕ.

ಗಂಡನಿರುವ ಹೆಂಗಸಿನ ಸಾಲಿನಲ್ಲಿ ನಾಲ್ಕು ಅಂಕಿಗಳನ್ನು ಹುಡುಕಿ: ಮದುವೆಯಾಗಿ ಎಷ್ಟು ವರ್ಷ, ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ತೀರಿಕೊಂಡವರೆಷ್ಟು. ‘26, 11, 6, 5’ ಎಂದಿದೆ ಎನ್ನಿ. ಮದುವೆ 1884-85ರ ಸುಮಾರಿಗೆ. ಮನೆಯಲ್ಲಿ ನಾಲ್ಕು ಮಕ್ಕಳು ಕಂಡರೆ ಇನ್ನಿಬ್ಬರು ಎಲ್ಲೋ ಕೆಲಸಕ್ಕೆ ಹೋಗಿದ್ದಾರೆ ಅಥವಾ ಮದುವೆಯಾಗಿದ್ದಾರೆ. ತೀರಿಕೊಂಡ ಐವರ ಹೆಸರನ್ನು ಹಂತ 5ರಲ್ಲಿ ಪತ್ತೆ ಮಾಡಬೇಕು. ಈ ಅಂಕಿ ನಿಮ್ಮ ತಾಳೆಪಟ್ಟಿ. ಕೊನೆಗೆ ನಿಮ್ಮ ಪಟ್ಟಿಯಲ್ಲಿ ಹದಿಮೂರು ಮಕ್ಕಳಾದರೆ ಇಬ್ಬರು ಪಕ್ಕದ ಮನೆಯವರು.

ವಿಧವೆಯರು ಈ ಕಾಲಂ ತುಂಬಬೇಕಿರಲಿಲ್ಲ. ಆದರೂ ಎಷ್ಟೋ ಮಂದಿ ತುಂಬಿದ್ದಾರೆ, ಕಚೇರಿಯವರು ಮೇಲೆ ಗೆರೆ ಎಳೆದಿದ್ದಾರೆ. ಗೆರೆಯ ಕೆಳಗೆ ಅಂಕಿ ಓದಲು ಬರುತ್ತದೆ. ಕಂಪ್ಯೂಟರ್ ನಕಲಿನಲ್ಲಿ ಅದು ಬಿಟ್ಟುಹೋಗಿರಬಹುದು, ಆದ್ದರಿಂದ ಮೂಲ ಪುಟದ ಚಿತ್ರವನ್ನೇ ತೆರೆಯಿರಿ. ಈ ಮಾತು ಮುಂದಿನ ಎಲ್ಲ ಹಂತಕ್ಕೂ ಅನ್ವಯ.

## ಹಂತ 3: ಹತ್ತು ಹತ್ತು ವರ್ಷ ಹಿಂದಕ್ಕೆ, ಒಂದನ್ನೂ ಬಿಡದೆ

ವಯಸ್ಸು ಕಳೆಯುವಾಗ ಗಣತಿಯ ದಿನಾಂಕ ಮುಖ್ಯ: 1901 ಮಾರ್ಚ್ 31, 1891 ಏಪ್ರಿಲ್ 5, 1881 ಏಪ್ರಿಲ್ 3, 1871 ಏಪ್ರಿಲ್ 2, 1861 ಏಪ್ರಿಲ್ 7, 1851 ಮಾರ್ಚ್ 30. ವರ್ಷದ ಆರಂಭದಲ್ಲೇ ಗಣತಿ ಆಗುವುದರಿಂದ 1881ರಲ್ಲಿ 52 ಎಂದವನು ಹೆಚ್ಚಾಗಿ 1828ರವನು, 1829ರವನಲ್ಲ.

ಕಲಿಕೆಗಾಗಿ ಒಂದು ಮನೆ ಕಟ್ಟಿಕೊಳ್ಳೋಣ; ಇದು ನಿಜವಾದ ಕುಟುಂಬವಲ್ಲ. ಜೇಮ್ಸ್ ಹಾವರ್ತ್, ಲ್ಯಾಂಕಷೈರಿನ ರಾಚ್‌ಡೇಲ್ ಕಡೆಯ ಹತ್ತಿ ನೇಕಾರ. 1881ರಲ್ಲಿ ವಯಸ್ಸು 52, ಹುಟ್ಟಿದ್ದು ರಾಚ್‌ಡೇಲ್. 1871ರಲ್ಲಿ 41, ಹುಟ್ಟಿದ್ದು ಸ್ಪಾಟ್‌ಲೆಂಡ್. 1861ರಲ್ಲಿ 33, ರಾಚ್‌ಡೇಲ್. 1851ರಲ್ಲಿ 22, ಮತ್ತೆ ಸ್ಪಾಟ್‌ಲೆಂಡ್. ಹೊಸಬರಿಗೆ ಇಲ್ಲಿ ಇಬ್ಬರು ಜೇಮ್ಸ್‌ಗಳು ಕಾಣುತ್ತಾರೆ. ಆದರೆ ಸ್ಪಾಟ್‌ಲೆಂಡ್ ಎಂಬುದು ರಾಚ್‌ಡೇಲ್ ಪ್ಯಾರಿಷ್‌ನೊಳಗಿನದೇ ಒಂದು ಭಾಗ. ನಕಲು ಮಾಡುವವರು ಅದನ್ನು ಸ್ಕಾಟ್ಲೆಂಡ್ ಎಂದು ಓದಿಬಿಟ್ಟರೆ ನಿಮ್ಮ ನೇಕಾರ ಗಡಿ ದಾಟಿ ಹೋಗುತ್ತಾನೆ. ವಯಸ್ಸಿನ ಲೆಕ್ಕ 1827ರಿಂದ 1830ರ ನಡುವೆ ಓಲಾಡುತ್ತದೆ, ಅದು ಮಾಮೂಲು. ಮೂರು ವರ್ಷದ ಏರುಪೇರಿಗೆ ಹೆದರಬೇಡಿ. ಎಲ್ಲ ಗಣತಿಯಲ್ಲೂ ವಯಸ್ಸು ಅಚ್ಚುಕಟ್ಟಾಗಿ ಹೊಂದಿದರೆ ಅದು ಅದೃಷ್ಟ, ಅಷ್ಟೇ.

ಊರಿನ ಹೆಸರು ಬದಲಾಗುವುದಕ್ಕೂ ಒಂದು ತರ್ಕವಿದೆ. ಹುಟ್ಟೂರಿನ ಹತ್ತಿರವಿದ್ದಾಗ ಮನುಷ್ಯ ಕೇರಿಯ ಹೆಸರು ಹೇಳುತ್ತಾನೆ. ದೂರ ಹೋದಾಗ ಎಲ್ಲರಿಗೂ ಗೊತ್ತಿರುವ ಪೇಟೆಯ ಹೆಸರು. ದೆಹಲಿಯಲ್ಲಿ ನಾವು ‘ಮೈಸೂರು’ ಎನ್ನುತ್ತೇವೆ, ಮೈಸೂರಿನಲ್ಲಿ ‘ಬನ್ನೂರು’ ಎನ್ನುತ್ತೇವೆ. ಹಾಗಾಗಿ ಅತಿ ಚಿಕ್ಕ ಊರಿನ ಹೆಸರು ಬಂದ ಗಣತಿಯನ್ನು ಹೆಚ್ಚು ನಂಬಿ.

ಪ್ರತಿ ಗಣತಿಯಲ್ಲೂ ಇಡೀ ಮನೆಯನ್ನು ಬರೆದುಕೊಳ್ಳಿ, ಬಾಡಿಗೆಗಿದ್ದವರನ್ನೂ ಅತಿಥಿಯನ್ನೂ ಸೇರಿಸಿ. ಮೇಲಿನ ಮೂರು, ಕೆಳಗಿನ ಮೂರು ಮನೆಗಳನ್ನೂ ಓದಿ. ಗಿರಣಿಯ ಬೀದಿಗಳಲ್ಲಿ ಅಕ್ಕನ ಮನೆ ಎದುರಿಗೆ, ಅತ್ತೆಯ ಮನೆ ಪಕ್ಕಕ್ಕೆ ಇರುವುದು ಸಾಮಾನ್ಯ.

ಸಂಬಂಧದ ಕಾಲಂನಲ್ಲಿ ಎರಡು ಬಲೆಗಳಿವೆ. ‘ಸನ್ ಇನ್ ಲಾ’ ಎಂದಿದ್ದರೆ ಅಳಿಯ ಎಂದೇ ಓದಬೇಡಿ. ಹೆಂಡತಿಯ ಮೊದಲ ಮದುವೆಯ ಮಗನನ್ನೂ ಹಾಗೆಯೇ ಬರೆಯುತ್ತಿದ್ದರು. ಒಂಬತ್ತು ವರ್ಷದ ‘ಅಳಿಯ’ ಕಂಡರೆ ತಾಯಿಗೆ ಅದು ಎರಡನೆಯ ಮದುವೆ. ಇನ್ನೊಂದು, ಯಜಮಾನನ ಮಕ್ಕಳೆಲ್ಲ ಹೆಂಡತಿಯ ಮಕ್ಕಳೂ ಆಗಿರಬೇಕಿಲ್ಲ. ಸಂಬಂಧ ಬರೆದಿರುವುದು ಯಜಮಾನನಿಗೆ ಮಾತ್ರ.

## ಹಂತ 4: ಮನೆಯೇ ಕಾಣದಿದ್ದರೆ

ಒಂದು ಗಣತಿಯಲ್ಲಿ ಸಿಗಲಿಲ್ಲ ಎಂದು ಹಿಂದಿನದಕ್ಕೆ ಹಾರಬೇಡಿ. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ಓದುಬರಹ ಬಾರದ ಮನೆಗೆ ಗಣತಿದಾರ ಬಂದಾಗ ಹೆಸರು ಕಿವಿಗೆ ಬಿದ್ದಂತೆ ಬರೆದುಕೊಂಡ. ನಮ್ಮ ಲಿಪಿಯೂ ಕಿವಿಗೆ ಬಿದ್ದದ್ದನ್ನೇ ಹಿಡಿಯುತ್ತದೆ. ಆದ್ದರಿಂದ ಮನೆತನದ ಹೆಸರನ್ನು ಬಾಯಿಬಿಟ್ಟು ಹೇಳಿ ಕನ್ನಡದಲ್ಲಿ ಬರೆಯಿರಿ: ಹಾವರ್ತ್. ಈಗ ಹಕಾರ ತೆಗೆಯಿರಿ: ಆವರ್ತ್. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುವಂತೆ ಲ್ಯಾಂಕಷೈರ್, ಯಾರ್ಕ್‌ಷೈರ್, ಲಂಡನ್‌ಗಳ ದುಡಿಯುವ ಜನರ ಬಾಯಲ್ಲೂ ಪದದ ಮೊದಲಿನ ಹಕಾರ ಬಿದ್ದುಹೋಗುತ್ತದೆ. ಸ್ವರವನ್ನು ಸ್ವಲ್ಪ ಎಳೆಯಿರಿ, ಒತ್ತಿರಿ: ಹೊವರ್ತ್, ಹೇವರ್ತ್, ಹವರ್ಡ್. ಈ ಒಂದೊಂದನ್ನೂ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬರೆದು ಹುಡುಕಿ. ಸ್ವರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಶ್ರಮ ಅರ್ಧವಾಗುತ್ತದೆ.

ಇದು ಕಿವಿಯ ತಪ್ಪಾಯಿತು. ಕಣ್ಣಿನ ತಪ್ಪು ಬೇರೆ. ಹಳೆಯ ಕೈಬರಹದಲ್ಲಿ ದೊಡ್ಡ ಎಲ್ ಮತ್ತು ಎಸ್, ಟಿ ಮತ್ತು ಎಫ್ ಒಂದೇ ಥರ ಕಾಣುತ್ತವೆ. ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದು ಉದ್ದವಾಗಿ ಎಫ್‌ನಂತೆ ನಿಂತಿರುತ್ತದೆ.

ಅಷ್ಟಕ್ಕೂ ಸಿಗದಿದ್ದರೆ ಮನೆತನದ ಹೆಸರನ್ನೇ ಖಾಲಿ ಬಿಡಿ. ಮೊದಲ ಹೆಸರು, ವಯಸ್ಸು, ಹುಟ್ಟಿದ ಊರು ಮಾತ್ರ ಹಾಕಿ, ಅದೂ ಮನೆಯಲ್ಲಿ ಅಪರೂಪದ ಹೆಸರಿನವರದ್ದು. ಜೇಮ್ಸ್‌ನನ್ನು ಹುಡುಕುವುದು ಸಂತೆಯಲ್ಲಿ ರಾಮಣ್ಣನನ್ನು ಕೂಗಿದಂತೆ. ತಂಗಿಯ ಹೆಸರು ಕೆಜಾಯಾ ಎಂದಿದ್ದರೆ ಅವಳನ್ನು ಹುಡುಕಿ. ಮನೆಯ ಕರೆಯುವ ಹೆಸರುಗಳೂ ನೆನಪಿರಲಿ: ಪಾಲಿ, ಮಾಲಿ ಎಂದರೆ ಮೇರಿ; ಪೆಗ್ಗಿ ಎಂದರೆ ಮಾರ್ಗರೆಟ್; ಸ್ಯಾಲಿ ಎಂದರೆ ಸಾರಾ; ಬೆಟ್ಟಿ, ಬೆಟ್ಸಿ ಎಂದರೆ ಎಲಿಜಬೆತ್; ನ್ಯಾನ್ಸಿ ಎಂದರೆ ಆನ್.

ದಾಖಲೆಯೇ ಹಾಳಾಗಿರುವುದೂ ಉಂಟು. ಮ್ಯಾಂಚೆಸ್ಟರ್ ಮತ್ತು ಸುತ್ತಲಿನ 1851ರ ಗಣತಿಯ ಕೆಲವು ಪುಸ್ತಕಗಳು ನೀರಿನಲ್ಲಿ ನೆನೆದು ಹಾಳಾಗಿವೆ. ಅಲ್ಲಿನ ಕುಟುಂಬ ಇತಿಹಾಸ ಸಂಘದವರು ಓದಲಾದಷ್ಟನ್ನು ಬರೆದಿಟ್ಟಿದ್ದಾರೆ. ಇನ್ನು ಮನುಷ್ಯನೇ ದೇಶದಲ್ಲಿ ಇಲ್ಲದಿರಬಹುದು. ಕಾರ್ನ್‌ವಾಲ್‌ನ ಕ್ಯಾಂಬೋರ್ನ್, ರೆಡ್‌ರೂತ್ ಕಡೆಯ ಮನೆಗಳಲ್ಲಿ 1891ರಲ್ಲಿ ಹೆಂಡತಿಯೇ ಯಜಮಾನಿ, ‘ವಿವಾಹಿತೆ’ ಎಂದಿದ್ದು ಗಂಡ ಕಾಣದಿದ್ದರೆ ಅವನು ಹೊರದೇಶದ ಗಣಿಯಲ್ಲಿರುವ ಸಾಧ್ಯತೆ ಹೆಚ್ಚು. 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗೂ ಅಲ್ಲಿನವರು ಬಂದರು. ಆಗ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ಲೆಕ್ಕಗಳನ್ನು ನೋಡಬೇಕು. ಕೆ.ಜಿ.ಎಫ್. ಕುಟುಂಬದವರು ಎಡವುವುದು ಇದರ ತಿರುಗುಮುರುಗಿನಲ್ಲಿ: ಕೋಲಾರದ ಮದುವೆ ದಾಖಲೆಯಲ್ಲಿ ವರನ ತಂದೆಯ ಹೆಸರು ನೋಡದೆ ನೇರ ಕಾರ್ನ್‌ವಾಲ್‌ಗೆ ಹಾರುತ್ತಾರೆ.

## ಹಂತ 5: ತವರಿನ ಹೆಸರು ಎಂಬ ಬೀಗದಕೈ

ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ, ಮರಣ, ಮದುವೆ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಜಿಆರ್‌ಒ ತಾಣದ ಜನನ ಸೂಚಿಯಲ್ಲಿ ಆಗಿನಿಂದಲೂ ತಾಯಿಯ ತವರಿನ ಹೆಸರು ಸಿಗುತ್ತದೆ. ಹಳೆಯ ಮುದ್ರಿತ ಸೂಚಿಗಳಲ್ಲಿ ಇದು ಬರುವುದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ (ಜುಲೈನಿಂದ ಸೆಪ್ಟೆಂಬರ್) ಮಾತ್ರ. ಹಾಗಾಗಿ ಹಳೆಯ ಸೂಚಿಯಲ್ಲಿ ಹುಡುಕಿ ಕೈಬಿಟ್ಟವರು ಜಿಆರ್‌ಒ ತಾಣದಲ್ಲಿ ಮತ್ತೊಮ್ಮೆ ನೋಡಿ.

ಮಾಡುವ ರೀತಿ ಹೀಗೆ. ಗಣತಿಯಲ್ಲಿ ಕಂಡ ಮಕ್ಕಳಲ್ಲಿ ಅಪರೂಪದ ಹೆಸರಿನ ಒಂದನ್ನು ಆರಿಸಿ ಸೂಚಿಯಲ್ಲಿ ಹುಡುಕಿ. ತವರಿನ ಹೆಸರು ಸಿಕ್ಕಿತೇ? ಈಗ ಅದೇ ಮನೆತನ, ಅದೇ ತವರು, ಅದೇ ನೋಂದಣಿ ಜಿಲ್ಲೆ ಇಟ್ಟುಕೊಂಡು ಮದುವೆಯ ವರ್ಷದಿಂದ ತಾಯಿಗೆ ನಲವತ್ತಾರು ತುಂಬುವವರೆಗೆ ಹುಡುಕಿ. ತಾಣ ಒಮ್ಮೆಗೆ ಒಂದು ವರ್ಷದ ಹಿಂದೆ ಮುಂದೆ ಎರಡೆರಡು ವರ್ಷ ಮಾತ್ರ ತೋರಿಸುತ್ತದೆ, ಗಂಡು ಹೆಣ್ಣು ಬೇರೆ ಬೇರೆ ಕೇಳುತ್ತದೆ. ತಾಳ್ಮೆಯಿಂದ ಹತ್ತು ಹನ್ನೆರಡು ಸಲ ಒತ್ತಿದರೆ ಗಣತಿಗಳ ನಡುವೆ ಹುಟ್ಟಿ ಸತ್ತ ಮಕ್ಕಳೆಲ್ಲ ಹೊರಬರುತ್ತಾರೆ. 1911ರ ಅಂಕಿಯೊಂದಿಗೆ ತಾಳೆ ನೋಡಿ.

ಸೂಚಿಯಲ್ಲಿರುವುದು ನೋಂದಣಿಯಾದ ತ್ರೈಮಾಸಿಕ, ಹುಟ್ಟಿದ್ದಲ್ಲ. ನೋಂದಣಿಗೆ 42 ದಿನ ಗಡುವಿದ್ದುದರಿಂದ ಡಿಸೆಂಬರಿನಲ್ಲಿ ಹುಟ್ಟಿದ ಮಗು ಮುಂದಿನ ವರ್ಷದ ಮಾರ್ಚ್ ತ್ರೈಮಾಸಿಕದಲ್ಲಿ ಕಾಣಬಹುದು. 1875ಕ್ಕೆ ಮುಂಚೆ ನೋಂದಾಯಿಸದೇ ಬಿಟ್ಟ ಮಕ್ಕಳೂ ಇದ್ದಾರೆ. ಮರಣ ಸೂಚಿಯಲ್ಲಿ ಮೂರು ತಿಂಗಳ ಕೂಸಿಗೆ ಮೂರು ವರ್ಷ ಎಂದು ಬಿದ್ದಿರುವ ಉದಾಹರಣೆಗಳಿವೆ.

ತವರಿನ ಹೆಸರಿನ ಜಾಗ ಖಾಲಿ ಇದ್ದರೆ ಸಾಮಾನ್ಯವಾಗಿ ತಾಯಿಗೆ ಮದುವೆಯಾಗಿರಲಿಲ್ಲ ಎಂದರ್ಥ. ಗಣತಿಯಲ್ಲಿ 48ರ ತಾಯಿ, ಕೊನೆಯ ಮಗುವಿಗೆ ಹತ್ತು ವರ್ಷ, ನಂತರ ಇದ್ದಕ್ಕಿದ್ದಂತೆ ಒಂದು ವರ್ಷದ ಕೂಸು, ಮನೆಯಲ್ಲಿ ಹತ್ತೊಂಬತ್ತರ ಅವಿವಾಹಿತ ಮಗಳು: ಹೀಗೆ ಕಂಡ ಕೂಡಲೇ ಈ ಸೂಚಿ ನೋಡಿ. ಅಜ್ಜಿ ತನ್ನ ಮಗುವೆಂದು ಬರೆಸಿದ್ದು ಮಗಳ ಮಗುವಾಗಿರುತ್ತದೆ. ಮನೆಯ ಹಿರಿಯರಿಗೆ ಇದನ್ನು ಹೇಳುವಾಗ ಮಾತ್ರ ಸ್ವಲ್ಪ ನಯವಿರಲಿ. ನಮ್ಮ ಕಡೆಯಂತೆಯೇ ಅಲ್ಲಿಯೂ ತೊಂಬತ್ತರ ಅಜ್ಜಿಯರಿಗೆ ಇಂಥದ್ದು ಇಂದಿಗೂ ಹಸಿ ಗಾಯ.

## ಹಂತ 6: ಮದುವೆಯ ದಾಖಲೆ

1837ರ ನಂತರದ ಮದುವೆ ದಾಖಲೆಯಲ್ಲಿ ಇಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ತಾಯಿಯರ ಹೆಸರು ಸೇರಿದ್ದು 2021ರಲ್ಲಿ, ನಂಬಿದರೆ ನಂಬಿ. ಚರ್ಚಿನಲ್ಲಿ ಆದ ಮದುವೆಗೆ ಪ್ರಮಾಣಪತ್ರಕ್ಕೆ ಹಣ ಕಟ್ಟುವ ಮುನ್ನ ಆ ಚರ್ಚಿನ ರಿಜಿಸ್ಟರ್ ಪುಟದ ಚಿತ್ರ ಯಾವುದಾದರೂ ತಾಣದಲ್ಲಿದೆಯೇ ನೋಡಿ. ಮಾಹಿತಿ ಅದೇ, ಮೇಲೆ ಅವರ ಸಹಿ ಅಥವಾ ಹೆಬ್ಬೆಟ್ಟಿನ ಬದಲಿಗೆ ಹಾಕಿದ ಗೀಟಿನ ಗುರುತು ಕಣ್ಣಾರೆ ಕಾಣುತ್ತದೆ.

‘ಪೂರ್ಣ ವಯಸ್ಸು’ ಎಂದರೆ 21 ದಾಟಿದೆ ಎಂದು, ಅಥವಾ ದಾಟಿದೆ ಎಂದು ಹೇಳಿಕೊಂಡಿದ್ದಾರೆ ಎಂದು. ತಂದೆಯ ಹೆಸರಿನ ಜಾಗದಲ್ಲಿ ಗೆರೆ ಎಳೆದಿದ್ದರೆ ಪ್ರಾಮಾಣಿಕತೆ. ತಂದೆ ಗೊತ್ತಿಲ್ಲದವರು ಮುಖ ಉಳಿಸಿಕೊಳ್ಳಲು ಅಜ್ಜನ ಹೆಸರನ್ನೋ ಮಾವನ ಹೆಸರನ್ನೋ ಹೇಳುತ್ತಿದ್ದುದೂ ಇದೆ. ‘ಮೃತ’ ಎಂದು ಬರೆಯದಿದ್ದರೆ ತಂದೆ ಬದುಕಿದ್ದ ಎಂದುಕೊಳ್ಳಬೇಡಿ. ಸಾಕ್ಷಿಗಳ ಹೆಸರನ್ನು ತಪ್ಪದೆ ಬರೆದುಕೊಳ್ಳಿ. ಅವರಲ್ಲಿ ಒಬ್ಬರಾದರೂ ಒಡಹುಟ್ಟಿದವರಾಗಿರುವ ಸಂಭವ ಹೆಚ್ಚು. ಒಂದೇ ಹೆಸರು ಪುಟ ಪುಟಕ್ಕೂ ಸಾಕ್ಷಿಯಾಗಿದ್ದರೆ ಅವನು ಚರ್ಚಿನ ಗುಮಾಸ್ತ, ನೆಂಟನಲ್ಲ.

ಮದುವೆ ಊರಿನಲ್ಲಿ ಸಿಗದಿದ್ದರೆ ಹತ್ತಿರದ ದೊಡ್ಡ ಪಟ್ಟಣ ನೋಡಿ. ಹೆಂಡತಿ ಸತ್ತ ಮೇಲೆ ಅವಳ ತಂಗಿಯನ್ನು ಮದುವೆಯಾಗುವುದು ನಮ್ಮಲ್ಲಿ ಹಿರಿಯರೇ ಮುಂದೆ ನಿಂತು ಮಾಡಿಸುತ್ತಿದ್ದ ಸಂಗತಿ. ಇಂಗ್ಲೆಂಡಿನಲ್ಲಿ 1907ರವರೆಗೆ ಅಂಥ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಅದಕ್ಕೇ ಗುರುತು ಪರಿಚಯವಿಲ್ಲದ ನಗರದ ಚರ್ಚಿಗೆ ಹೋಗಿ ಸದ್ದಿಲ್ಲದೆ ಮುಗಿಸಿಕೊಂಡು ಬರುತ್ತಿದ್ದರು.

## ಹಂತ 7: 1841, ಕಾಲು ಜಾರುವ ಮೆಟ್ಟಿಲು

1841ರ ಜೂನ್ 6ರ ಗಣತಿಯಲ್ಲಿ ಸಂಬಂಧದ ಕಾಲಂ ಇಲ್ಲ. ಹದಿನೈದು ದಾಟಿದವರ ವಯಸ್ಸನ್ನು ಐದರ ಮಗ್ಗಿಗೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು: 44ರವನು 40, 39ರವನು 35. ಹುಟ್ಟಿದ ಊರಿನ ಬದಲು ‘ಇದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಹುಟ್ಟಿದ್ದೇ?’ ಎಂಬುದಕ್ಕೆ ಹೌದು, ಇಲ್ಲ. ಪೆನ್ಸಿಲಿನಲ್ಲಿ ಬರೆದದ್ದರಿಂದ ಮಾಸಿಯೂ ಹೋಗಿದೆ.

ನಮ್ಮ ಜೇಮ್ಸ್ ಇಲ್ಲಿ 12 ವರ್ಷದ ಹುಡುಗ, ಚಿಕ್ಕವನಾದ್ದರಿಂದ ವಯಸ್ಸು ಇಳಿಸಿಲ್ಲ. ಮನೆಯಲ್ಲಿ ಅಬ್ರಹಾಂ 40, ಬೆಟ್ಟಿ 40, ಆಮೇಲೆ ಐದು ಮಕ್ಕಳು. ಇವರು ತಂದೆತಾಯಿ ಎಂದು ಬರೆದುಬಿಡುವ ಆಸೆಯಾಗುತ್ತದೆ. ಬೆಟ್ಟಿ ಹೆಂಡತಿಯೋ, ಅಕ್ಕನೋ, ಸತ್ತ ಹೆಂಡತಿಯ ತಂಗಿಯೋ ಈ ಪುಟ ಹೇಳುವುದಿಲ್ಲ. ಪೆನ್ಸಿಲಿನಲ್ಲಿ ‘ತಾಯಿ ಇರಬಹುದು’ ಎಂದು ಬರೆದು, 1851ರಲ್ಲಿ ಅದೇ ಬೆಟ್ಟಿಯನ್ನು ಹುಡುಕಿ ಅವಳ ಸಂಬಂಧ, ಊರು ನೋಡಿದ ಮೇಲೆ ಶಾಯಿಯಲ್ಲಿ ಬರೆಯಿರಿ. ಹೆಸರುಗಳ ಎಡಕ್ಕೆ ಇರುವ ಓರೆಗೆರೆಗಳನ್ನೂ ಗಮನಿಸಿ. ಎರಡು ಗೆರೆ ಎಂದರೆ ಕಟ್ಟಡ ಮುಗಿಯಿತು, ಒಂದು ಗೆರೆ ಎಂದರೆ ಅದೇ ಕಟ್ಟಡದಲ್ಲಿ ಇನ್ನೊಂದು ಸಂಸಾರ. ಈ ಒಂದು ಗೆರೆ ನೋಡದೆ ಎರಡು ಸಂಸಾರ ಬೆರೆಸಿದವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ.

## ಹಂತ 8: ಪ್ಯಾರಿಷ್ ರಿಜಿಸ್ಟರ್

1837ಕ್ಕಿಂತ ಹಿಂದಿನವರಿಗೆ ಚರ್ಚಿನ ಪುಸ್ತಕವೇ ಗತಿ. ಇವು ಆರಂಭವಾದದ್ದು 1538ರಲ್ಲಿ, ಆದರೆ ಒಂದೇ ಸಮನಾಗಿಲ್ಲ. 1813ರ ಜನವರಿ 1ರಿಂದ ಅಚ್ಚಾದ ನಮೂನೆ ಬಂತು. ದೀಕ್ಷಾಸ್ನಾನದ ಪುಟಕ್ಕೆ ಎಂಟು ಮಕ್ಕಳು; ಪ್ರತಿ ಮಗುವಿಗೂ ದಿನಾಂಕ, ಹೆಸರು, ತಂದೆತಾಯಿಯ ಹೆಸರು, ವಾಸದ ಜಾಗ, ತಂದೆಯ ಕಸುಬು. ಇದರ ಹಿಂದಿನ ಪುಸ್ತಕಗಳಲ್ಲಿ ಅನೇಕ ಸಲ ಒಂದೇ ಸಾಲು: ‘ಜಾನ್, ಥಾಮಸ್‌ನ ಮಗ’. ತಾಯಿಯ ಹೆಸರೇ ಇಲ್ಲ. ಆದ್ದರಿಂದ 1813ರ ಈಚೆಗೆ ಹುಟ್ಟಿದ ತಮ್ಮ ತಂಗಿಯರನ್ನು ಮೊದಲು ಹಿಡಿದು, ಅವರ ಮೂಲಕ ಕಸುಬು ಮತ್ತು ಕೇರಿ ತಿಳಿದುಕೊಂಡು ಹಿಂದಕ್ಕೆ ಹೋಗಿ.

ಮದುವೆಯ ನಮೂನೆ ಇನ್ನೂ ಹಳೆಯದು, 1754ರ ಮಾರ್ಚ್ 25ರಿಂದ. ಅಂದಿನಿಂದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮತ್ತು ಯಹೂದಿಗಳನ್ನು ಬಿಟ್ಟು ಎಲ್ಲರೂ ಪ್ಯಾರಿಷ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಹಾಗಾಗಿ ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಕ್ಯಾಥೊಲಿಕ್ ಮನೆಯವರ ಮದುವೆ ಇಲ್ಲಿ ಸಿಗುತ್ತದೆ, ಮಕ್ಕಳು ಎಷ್ಟೋ ಸಲ ಸಿಗುವುದಿಲ್ಲ. ಮದುವೆ ಇದೆ, ದೀಕ್ಷಾಸ್ನಾನ ಒಂದೂ ಇಲ್ಲ ಎಂದಾದರೆ ಅವರ ಚಾಪೆಲ್‌ಗಳ, ಅಂದರೆ ಅವರವರ ಪಂಥದ ಪ್ರಾರ್ಥನಾ ಮಂದಿರಗಳ ಪುಸ್ತಕ ನೋಡಿ. ಸರ್ಕಾರಕ್ಕೆ ಒಪ್ಪಿಸಿದ ಹಳೆಯ ಚಾಪೆಲ್ ಪುಸ್ತಕಗಳು ನ್ಯಾಷನಲ್ ಆರ್ಕೈವ್ಸ್ ಎಂಬ ರಾಷ್ಟ್ರೀಯ ದಾಖಲಾಲಯದಲ್ಲಿ ಆರ್‌ಜಿ 4 ಎಂಬ ಸಂಖ್ಯೆಯಡಿ ಇವೆ.

‘ಈ ಪ್ಯಾರಿಷ್‌ನವರು’ ಎಂಬ ಮಾತನ್ನು ಅಳತೆ ನೋಡಿ ನಂಬಿ. ದಕ್ಷಿಣದ ಕೌಂಟಿಗಳಲ್ಲಿ ಪ್ಯಾರಿಷ್ ಎಂದರೆ ಒಂದು ಹಳ್ಳಿ. ಲ್ಯಾಂಕಷೈರಿನಲ್ಲಿ ಅದು ಒಂದು ತಾಲ್ಲೂಕಿನಷ್ಟು. ಮ್ಯಾಂಚೆಸ್ಟರಿನ ಕಾಲೇಜಿಯೇಟ್ ಚರ್ಚ್, 1847ರಿಂದ ಅದೇ ಕೆಥೀಡ್ರಲ್, ಸುತ್ತಲಿನ ಎಷ್ಟೋ ಊರುಗಳ ಮದುವೆಗೆ ಒಂದೇ ಜಾಗವಾಗಿತ್ತು. ಅಲ್ಲಿ ಹೆಸರು ಸಿಕ್ಕಿತೆಂದು ಕುಣಿಯಬೇಡಿ, ಅದೇ ಹೆಸರಿನ ಇನ್ನೂ ಮೂವರು ಅಲ್ಲೇ ಇರುತ್ತಾರೆ.

ದೀಕ್ಷಾಸ್ನಾನದ ದಿನಾಂಕ ಹುಟ್ಟಿದ ದಿನಾಂಕವಲ್ಲ. ಬಡವರು ನಾಲ್ಕು ಮಕ್ಕಳನ್ನು ಒಟ್ಟಿಗೆ ಕರೆದೊಯ್ದು ಒಂದೇ ದಿನ ಮುಗಿಸಿದ್ದೂ ಇದೆ. 1783ರಿಂದ 1794ರವರೆಗೆ ರಿಜಿಸ್ಟರಿನ ಪ್ರತಿ ನಮೂದಿಗೂ ಮೂರು ಪೆನ್ನಿ ತೆರಿಗೆ ಇತ್ತು. ಕಡುಬಡವರಿಗೆ ವಿನಾಯಿತಿ. ಆ ವರ್ಷಗಳಲ್ಲಿ ಮಗು ಸಿಗದಿದ್ದರೆ 1794ರ ನಂತರ ದೊಡ್ಡ ಮಗುವಾಗಿ ಬಂದಿದೆಯೇ ನೋಡಿ. ಇನ್ನೂ ಹಿಂದೆ, 1752ಕ್ಕೆ ಮುಂಚೆ, ಹೊಸ ವರ್ಷ ಬರುತ್ತಿದ್ದುದು ಮಾರ್ಚ್ 25ಕ್ಕೆ. 1740ರ ಫೆಬ್ರವರಿ ಎಂದು ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 1741.

ರಿಜಿಸ್ಟರ್ ಇಲಿ ತಿಂದಿದ್ದರೆ, ಕಳೆದಿದ್ದರೆ, ಬಿಷಪ್‌ಗೆ ವರ್ಷಕ್ಕೊಮ್ಮೆ ಕಳುಹಿಸುತ್ತಿದ್ದ ನಕಲು ಪ್ರತಿ ಕೇಳಿ. ಎರಡೂ ಇದ್ದರೆ ಎರಡನ್ನೂ ನೋಡಿ; ಒಂದರಲ್ಲಿ ಇಲ್ಲದ ಕಸುಬು ಇನ್ನೊಂದರಲ್ಲಿ ಇರುತ್ತದೆ.

## ಹಂತ 9: ಸಿಕ್ಕವನನ್ನು ಸಾಯಿಸಿ ನೋಡಿ

ಕೇಳಲು ಕ್ರೂರ, ಆದರೆ ಇದನ್ನು ಬಿಟ್ಟವರೇ ಹೆಚ್ಚು ಕೆಡುವುದು. ಜೇಮ್ಸ್‌ನ ಮದುವೆ ದಾಖಲೆಯಲ್ಲಿ ತಂದೆ ‘ಅಬ್ರಹಾಂ, ನೇಕಾರ’. ದೀಕ್ಷಾಸ್ನಾನದ ಪುಸ್ತಕದಲ್ಲಿ 1828ರಲ್ಲಿ ಇಬ್ಬರು ಸಿಗುತ್ತಾರೆ ಎನ್ನಿ: ಸ್ಪಾಟ್‌ಲೆಂಡಿನ ಅಬ್ರಹಾಂ ಮತ್ತು ಬೆಟ್ಟಿಯ ಮಗ ಜೇಮ್ಸ್, ಕ್ಯಾಸಲ್‌ಟನ್‌ನ ಅಬ್ರಹಾಂ ಮತ್ತು ಸ್ಯಾಲಿಯ ಮಗ ಜೇಮ್ಸ್. ಇಬ್ಬರು ಅಪ್ಪಂದಿರೂ ನೇಕಾರರು. ಈಗ 1828ರಿಂದ 1841ರವರೆಗೆ ಸಮಾಧಿ ರಿಜಿಸ್ಟರ್ ತೆರೆದು ಇಬ್ಬರಲ್ಲಿ ಯಾರಾದರೂ ಮಗುವಾಗಿದ್ದಾಗಲೇ ಹೋದನೇ ನೋಡಿ. 1813ರ ನಂತರ ಅದರಲ್ಲಿ ವಯಸ್ಸೂ ವಾಸದ ಜಾಗವೂ ಇರುತ್ತದೆ. ‘ಜೇಮ್ಸ್ ಹಾವರ್ತ್, ಕ್ಯಾಸಲ್‌ಟನ್, 3 ವರ್ಷ’ ಎಂದು ಸಿಕ್ಕರೆ ಒಬ್ಬ ಹೊರಗೆ. ಸಿಗದಿದ್ದರೆ ಇಬ್ಬರನ್ನೂ 1841, 1851ರಲ್ಲಿ ಬೇರೆ ಬೇರೆ ಮನೆಯಲ್ಲಿ ನಿಲ್ಲಿಸಿ ತೋರಿಸುವವರೆಗೆ ತೀರ್ಮಾನವಿಲ್ಲ.

ನಾನೇ ಎಂಟು ತಿಂಗಳು ಹೀಗೆ ಕಳೆದುಕೊಂಡಿದ್ದೇನೆ. ಗೆಳತಿಯ ಅತ್ತೆಯ ಮನೆತನಕ್ಕಾಗಿ ನಾಲ್ಕು ತಲೆಮಾರು ಕಟ್ಟಿ, ಚೌಕಟ್ಟು ಹಾಕಿಸಿ ಕೊಟ್ಟಾಗಿತ್ತು. ಆಮೇಲೆ ಬೇರೇನನ್ನೋ ಹುಡುಕುವಾಗ ಸಮಾಧಿ ಪುಟದ ಕೆಳಗಿನಿಂದ ಎರಡನೇ ಸಾಲಿನಲ್ಲಿ ನಮ್ಮ ‘ಮುತ್ತಾತ’ ಸಿಕ್ಕ. ವಯಸ್ಸು ಹದಿನಾಲ್ಕು ತಿಂಗಳು. ಆ ಚೌಕಟ್ಟು ಇನ್ನೂ ಅವರ ಮೆಟ್ಟಿಲ ಗೋಡೆಯ ಮೇಲಿದೆ, ಅತ್ತೆ ತೆಗೆಯಲು ಒಪ್ಪಲಿಲ್ಲ.

ಇನ್ನೊಂದು: ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೂ ಇಡುತ್ತಿದ್ದರು. ಒಂದೇ ತಂದೆತಾಯಿಗೆ 1824ರಲ್ಲಿ ಒಬ್ಬ ಜೇಮ್ಸ್, 1828ರಲ್ಲಿ ಇನ್ನೊಬ್ಬ ಜೇಮ್ಸ್ ಕಂಡರೆ ಮೊದಲನೆಯವನು ನಡುವೆ ತೀರಿಕೊಂಡಿರುವುದೇ ಹೆಚ್ಚು. ಇದು ಒಳ್ಳೆಯ ಪುರಾವೆ ಕೂಡ.

## ಹಂತ 10: ಬಡವರ ಕಾಗದಪತ್ರ

ರಿಜಿಸ್ಟರ್ ಗೋಡೆಗೆ ಬಂದು ನಿಂತಾಗ ಕೌಂಟಿ ದಾಖಲಾಲಯದ ಬಾಗಿಲು ತಟ್ಟಿ. 1662ರ ಕಾನೂನಿನ ಪ್ರಕಾರ ಬಡವನ ಖರ್ಚು ಅವನಿಗೆ ‘ನೆಲೆ’, ಅಂದರೆ ಕಾನೂನು ಒಪ್ಪಿದ ವಾಸದ ಹಕ್ಕು, ಇರುವ ಪ್ಯಾರಿಷ್‌ನದ್ದು. ಹೊರಗಿನಿಂದ ಬಂದವನು ಪರಿಹಾರ ಕೇಳಿದರೆ, ಕೇಳುವ ಹಾಗೆ ಕಂಡರೂ ಸಾಕು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಅವನ ಬದುಕಿನ ಕಥೆಯನ್ನೇ ಬರೆಸಿಕೊಳ್ಳುತ್ತಿದ್ದರು: ಎಲ್ಲಿ ಹುಟ್ಟಿದೆ, ಅಪ್ಪನ ನೆಲೆ ಎಲ್ಲಿ, ಯಾರ ಬಳಿ ವರ್ಷದ ಕರಾರಿನ ಆಳಾಗಿದ್ದೆ, ಯಾರ ಹತ್ತಿರ ಕಸುಬು ಕಲಿತೆ, ವರ್ಷಕ್ಕೆ 10 ಪೌಂಡ್ ಬಾಡಿಗೆಯ ಮನೆ ಹಿಡಿದಿದ್ದೆಯಾ, ಯಾವ ಚರ್ಚಿನಲ್ಲಿ ಮದುವೆ, ಮಕ್ಕಳೆಷ್ಟು. ಕೆಳಗೆ ಅವನ ಗೀಟು. ಶ್ರೀಮಂತರ ಮನೆಗಳಿಗೆ ಇಂಥ ಹಾಳೆ ಸಿಗುವುದೇ ಇಲ್ಲ.

ಮದುವೆಯಾಗದ ತಾಯಿಯ ಮಗುವಿಗೆ ಅಪ್ಪ ಯಾರೆಂದು ಹೇಳುವ ಬಾಂಡುಗಳು, ವಿಚಾರಣೆಗಳು ಇದೇ ಕಟ್ಟುಗಳಲ್ಲಿ ಇರುತ್ತವೆ, ಮುಖ್ಯವಾಗಿ 1834ಕ್ಕೆ ಮುಂಚಿನವು. ಆಮೇಲೆ ಹಲವು ಪ್ಯಾರಿಷ್‌ಗಳು ಸೇರಿ ವರ್ಕ್‌ಹೌಸ್, ಅಂದರೆ ಬಡವರಿಗೆ ಊಟ ವಸತಿ ಕೊಟ್ಟು ದುಡಿಸಿಕೊಳ್ಳುವ ಮನೆಗಳನ್ನು ನಡೆಸಿದವು. ಅವುಗಳ ದಾಖಲಾತಿ ಪುಸ್ತಕ ಬೇರೆ. ಬಹಳಷ್ಟು ಇನ್ನೂ ಅಂತರ್ಜಾಲಕ್ಕೆ ಬಂದಿಲ್ಲ. ನ್ಯಾಷನಲ್ ಆರ್ಕೈವ್ಸ್‌ನ ಡಿಸ್ಕವರಿ ಸೂಚಿಯಲ್ಲಿ ಪ್ಯಾರಿಷ್ ಹೆಸರು ಹಾಕಿ, ಕಟ್ಟಿನ ಸಂಖ್ಯೆ ಬರೆದುಕೊಂಡು, ದಾಖಲಾಲಯಕ್ಕೆ ಇಮೇಲ್ ಮಾಡಿ. ‘ನನ್ನ ಪೂರ್ವಜರ ಬಗ್ಗೆ ಏನಿದೆ?’ ಎಂದು ಕೇಳಬೇಡಿ. ‘ಈ ಕಟ್ಟಿನಲ್ಲಿ ಈ ಮನೆತನದ ಹೆಸರಿನ ನೆಲೆ ವಿಚಾರಣೆ ಇದೆಯೇ, ಪ್ರತಿಗೆ ಎಷ್ಟು?’ ಎಂದು ಕೇಳಿ, ಉತ್ತರ ಬರುತ್ತದೆ.

## ಕೈಬಿಡಬೇಕಾದ ಸೂಚನೆಗಳು

ತಾಯಿ ಹದಿಮೂರಕ್ಕೆ ಹೆತ್ತಿದ್ದಾಳೆ, ಅಥವಾ ಐವತ್ತೆರಡಕ್ಕೆ. ಒಡಹುಟ್ಟಿದ ಇಬ್ಬರ ನಡುವೆ ನಾಲ್ಕು ತಿಂಗಳ ಅಂತರ. ಹತ್ತು ವರ್ಷಗಳಲ್ಲಿ ನೇಕಾರ ವಕೀಲನಾಗಿದ್ದಾನೆ. ನಾಲ್ಕು ಮಕ್ಕಳು ರಾಚ್‌ಡೇಲಿನಲ್ಲಿ ಹುಟ್ಟಿ, ನಡುವೆ ಒಂದು ಮಾತ್ರ ಕೆಂಟ್‌ನಲ್ಲಿ. ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೆ ನಿಲ್ಲಿಸಿ ಹಿಂದಿನ ಹಂತಕ್ಕೆ ಬನ್ನಿ.

ಬೇರೆಯವರು ಜಾಲತಾಣಕ್ಕೆ ಏರಿಸಿದ ವಂಶವೃಕ್ಷದಲ್ಲಿ ನಿಮ್ಮವನು ಸಿಕ್ಕರೆ ಮೂಲ ದಾಖಲೆಯ ಕೊಂಡಿ ಇದೆಯೇ ನೋಡಿ. ಇಲ್ಲದಿದ್ದರೆ ಅದು ಸುಳಿವು ಮಾತ್ರ. ಇಪ್ಪತ್ತು ಮಂದಿ ಒಂದೇ ಮಾತು ಹೇಳುತ್ತಿದ್ದಾರೆ ಎಂದು ನಂಬಬೇಡಿ, ಹತ್ತೊಂಬತ್ತು ಮಂದಿ ಮೊದಲನೆಯವನಿಂದ ನಕಲು ಮಾಡಿರುತ್ತಾರೆ.

ಎರಡು ದಾಖಲೆಗಳ ಆಧಾರ ಇಲ್ಲದ ತಲೆಮಾರನ್ನು ಚುಕ್ಕೆಗೆರೆಯಲ್ಲಿ ಬರೆಯಿರಿ. ಚುಕ್ಕೆಗೆರೆಯ ಹಿಂದಕ್ಕೆ ಯಾರನ್ನೂ ಸೇರಿಸಬೇಡಿ, ಸಿಕ್ಕವರನ್ನು ಬೇರೆ ಹಾಳೆಯಲ್ಲಿಡಿ. ಇನ್ನು ಚಂದಾ ತೆಗೆದುಕೊಂಡ ದಿನವೇ ಅದು ತಾನಾಗಿ ನವೀಕರಣವಾಗುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ದಿನ ಮುಂಚೆ ರದ್ದು ಮಾಡಿ, ಅದಕ್ಕೂ ಮುಂಚೆ ಪುಟಗಳ ಚಿತ್ರಗಳನ್ನೆಲ್ಲ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ.